ಒಂದು ಟನ್ನಿನ ಮೇಲಿನ ಗೊನೆ

ವೀರಮ್ಮಾಳಿಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಓಡೈಪಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಊರಿನ ಪನ್ನೀರು ದ್ರಾಕ್ಷಿಯನ್ನು ಲಾರಿಯಿಂದ ಇಳಿಸಿ ರೈಲು ಹತ್ತಿಸಿದ ಗಟ್ಟಿಗಿತ್ತಿಯೂ ಅವಳೇ ಎಂಬುದನ್ನು ಮಾತ್ರ ಎರಡನೇ ಸಲ ಕೇಳಿದರೆ ಒಪ್ಪಿಕೊಳ್ಳುತ್ತಾರೆ. ಅಂಥ ವೀರಮ್ಮಾಳ್ ತಮಿಳರ ಮಾಸಿ ತಿಂಗಳ ಒಂದು ಮಧ್ಯಾಹ್ನ, ದಿಂಡಿಗಲ್ ಜಂಕ್ಷನ್ನಿನ ಪಾರ್ಸಲ್ ಅಂಗಳದಲ್ಲಿ ತನ್ನ ನೂರು ಪೆಟ್ಟಿಗೆಗಳ ಪಕ್ಕ ಬಾಯಿ ಒಣಗಿಸಿಕೊಂಡು ನಿಂತಿದ್ದಳು. ಆವತ್ತು ತೂಕ ಹೆಚ್ಚು ಬಂದರೆ ಅವಳ ಡಬ್ಬಿ ಕೈಬಿಟ್ಟು ಹೋಗುತ್ತಿತ್ತು.

ಡಬ್ಬಿ ಎಂದರೆ ಇಡೀ ಬೋಗಿಯೇನಲ್ಲ. ಮಧ್ಯಾಹ್ನದ ಚೆನ್ನೈ ರೈಲಿನ ಬಾಲದಲ್ಲಿ, ಗಾರ್ಡು ಕೂರುವ ಜಾಗಕ್ಕೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಕೋಣೆ. ಒಂದು ಟನ್ ಸಾಮಾನು ಹಿಡಿಯುತ್ತದೆ. ರೈಲ್ವೆಯವರು ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತಾರೆ. ತುಂಬಿಸಿದರೂ ಅಷ್ಟೇ ಹಣ, ಖಾಲಿ ಓಡಿದರೂ ಅಷ್ಟೇ ಹಣ. ಹಾಗಾಗಿ ಕಮ್ಮಿ ತುಂಬಿದರೆ ನಷ್ಟ. ಹೆಚ್ಚು ತುಂಬಿದರೋ, ಅದು ನಷ್ಟವಲ್ಲ, ಅಪರಾಧ. ಒಂದು ಟನ್ ಮೀರಿದರೆ ದಂಡ. ಮೂರನೆಯ ಸಲವೂ ಮೀರಿದರೆ ಗುತ್ತಿಗೆ ರದ್ದು. ವೀರಮ್ಮಾಳಿಗೆ ಎರಡು ಸಲ ಆಗಿಹೋಗಿತ್ತು.

ಅವಳು ಹುಟ್ಟಿದ್ದು ಕೊಂಬೈಯಲ್ಲಿ, ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು ಆಡುವ ಬೇಸಾಯದ ಮನೆಯಲ್ಲಿ. ಅಂಥದೇ ಇನ್ನೊಂದು ಮನೆಗೆ, ಓಡೈಪಟ್ಟಿಯ ರಾಮರ್‌ಗೆ ಕೊಟ್ಟರು. ರಾಮರ್ ತೀರ ಸಾಧು. ಅವನದೊಂದು ಕುಟ್ಟಿಯಾನೆ ಇದೆ. ಒಂದು ಟನ್ ಹೊರುವ ಸಣ್ಣ ಸರಕು ಗಾಡಿಗೆ ಆ ಕಡೆಯ ಜನ ಮರಿಯಾನೆ ಎಂಬರ್ಥದಲ್ಲಿ ಇಟ್ಟ ಹೆಸರು ಅದು. ಹೆಂಡತಿ ಬೈಯಲು ಶುರು ಮಾಡಿದರೆ ರಾಮರ್ ಎದ್ದು ಹೋಗಿ ಗಾಡಿಯ ಗಾಜು ಒರೆಸುತ್ತಾನೆ. ಅವನ ಗಾಡಿಯ ಗಾಜಿನಷ್ಟು ಫಳಫಳ ಹೊಳೆಯುವ ಗಾಜು ಇಡೀ ಕಂಬಂ ಕಣಿವೆಯಲ್ಲಿ ಇನ್ನೊಂದಿಲ್ಲ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಮೊದಲು ಊರಿನ ದ್ರಾಕ್ಷಿಯೆಲ್ಲ ಲಾರಿಯಲ್ಲೇ ಹೋಗುತ್ತಿತ್ತು. ಪೆಟ್ಟಿಗೆಗೆ ಇಷ್ಟು ಎಂದು ಬಾಡಿಗೆ. ಲಾರಿಯವನು ತೂಕ ನೋಡುತ್ತಿರಲಿಲ್ಲ, ತಲೆ ಎಣಿಸಿ ಏರಿಸಿಕೊಳ್ಳುತ್ತಿದ್ದ. ಆದರೆ ಅವನು ಹೇಳಿದ್ದೇ ಹೊತ್ತು, ಕೇಳಿದ್ದೇ ಬಾಡಿಗೆ. ಘಟ್ಟದಿಂದ ಏಲಕ್ಕಿ ಇಳಿಯುವ ಕಾಲದಲ್ಲಿ ಅವನು ಬೋಡಿನಾಯಕನೂರಿನ ಕಡೆ ತಿರುಗಿಬಿಟ್ಟರೆ ಓಡೈಪಟ್ಟಿಯ ಹಣ್ಣು ಚಪ್ಪರದ ಕೆಳಗೇ ಮೆತ್ತಗಾಗುತ್ತಿತ್ತು. ಒಂದು ವರ್ಷ ಹಾಗೆ ಕೊಯ್ದ ಹಣ್ಣು ಕೊಯ್ದ ಹಾಗೇ ರಸ ಸುರಿಸಿದ್ದನ್ನು ಕಂಡು ವೀರಮ್ಮಾಳ್ ಸೆರಗು ಸಿಕ್ಕಿಸಿ ಹೊರಟವಳು ನೇರ ಹೋಗಿ ನಿಂತದ್ದು ದಿಂಡಿಗಲ್ ಪಾರ್ಸಲ್ ಆಫೀಸಿನ ಕಿಟಕಿಯ ಮುಂದೆ.

ಅಲ್ಲಿ ಸುಲಭವೇನಾಗಿರಲಿಲ್ಲ. ಮೊದಲ ಸಲ ಹೋದಾಗ ಹಣ್ಣಿಗೆ ಅರ್ಧ ದರ ಎಂದರು. ಊರಿಗೆ ಬಂದು ನಾಲ್ಕು ಜನರನ್ನು ಒಪ್ಪಿಸಿ ಮತ್ತೆ ಹೋಗುವಷ್ಟರಲ್ಲಿ ಆ ರಿಯಾಯಿತಿ ನಿಂತಿತ್ತು. ಹೋಗಲಿ ಎಂದು ಪೂರ್ತಿ ದರಕ್ಕೇ ಲೆಕ್ಕ ಹಾಕಿಕೊಂಡು ಮೂರನೇ ಸಲ ಹೋದರೆ, ಆ ರೈಲಿಗೆ ಸಾಮಾನು ಜಾಸ್ತಿ ಬರುತ್ತಿದೆಯೆಂದು ಅದನ್ನು ಮೇಲಿನ ದರ್ಜೆಗೆ ಹಾಕಿ ಕಿಲೋ ದರವನ್ನು ಏರಿಸಿದ್ದರು. ವೀರಮ್ಮಾಳ್ ಕಿಟಕಿಯ ಸರಳು ಹಿಡಿದುಕೊಂಡು, "ನಿಮ್ಮ ದರಕ್ಕೇನು ಕಾಲಲ್ಲಿ ಚಕ್ರ ಇದೆಯೇನಮ್ಮಾ?" ಎಂದು ಕೂಗಿದಳು. ಕಿಟಕಿಯಾಚೆ ಕೂತಿದ್ದ ಪಾರ್ಸಲ್ ಇನ್‌ಸ್ಪೆಕ್ಟರ್ ಗೋಮತಿಗೆ ನಗು ಬಂತು. ಚಿಕ್ಕ ವಯಸ್ಸಿನ, ತಮಿಳು ಮನೆಯ ಹುಡುಗಿ. "ಬಿಡಿ ಬಿಡಿಯಾಗಿ ಕಳಿಸಿದರೆ ದರ ಏರುತ್ತೆ, ಇಳಿಯುತ್ತೆ. ಜಾಗವನ್ನೇ ಗುತ್ತಿಗೆ ಹಿಡೀರಿ, ಅವಧಿ ಮುಗಿಯೋ ತನಕ ಅದೇ ಹಣ" ಎಂದು ದಾರಿ ತೋರಿಸಿದವಳು ಅವಳೇ. ಹೀಗೆ ಡಬ್ಬಿ ವೀರಮ್ಮಾಳಿಗೆ ಬಂತು. ಇಪ್ಪತ್ತು ಮನೆಯವರು ಅವಳ ಮಾತು ನಂಬಿ ಲಾರಿ ಬಿಟ್ಟರು. ಮಧ್ಯಾಹ್ನ ಏರಿದ ಹಣ್ಣು ಚೆನ್ನೈಯ ಬೆಳಗಿನ ಕೋಯಂಬೇಡು ಮಾರುಕಟ್ಟೆಗೆ ಅರಳಿದ ಹೂವಿನ ಹಾಗೆ ಹೋಗಿ ಕೂರುತ್ತಿತ್ತು.

ಆಮೇಲೆ ಚೆನ್ನೈ ಸ್ಟೇಷನ್ನಿನಲ್ಲಿ, ಇಳಿಸಿದ ಸಾಮಾನನ್ನು ತೂಗಿ ನೋಡುವ ಪದ್ಧತಿ ಬಿಗಿಯಾಯಿತು. ಬಂತು ಮೊದಲ ದಂಡ. ಕಣ್ತಪ್ಪು ಎಂದುಕೊಂಡು ಕಟ್ಟಿದಳು. ಬೆನ್ನಿಗೇ ಎರಡನೆಯದು. ಆಗ ಅವಳ ತಲೆ ಕೆಟ್ಟಿತು. ಪ್ರತಿ ಪೆಟ್ಟಿಗೆಯನ್ನೂ ಊರಿನಲ್ಲಿ ತಾನೇ ಕೈಯಾರೆ ತೂಗಿದ್ದಾಳೆ. ಪೆಟ್ಟಿಗೆಯೂ ಸೇರಿ ಹತ್ತು ಕಿಲೋ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾಗಾದರೆ ದಾರಿಯಲ್ಲಿ ತೂಕ ಎಲ್ಲಿಂದ ಬಂತು? ಯಾರೋ ತನ್ನ ಡಬ್ಬಿಯೊಳಗೆ ಬೇರೆ ಸಾಮಾನು ತುರುಕುತ್ತಿದ್ದಾರೆ. ಯಾರು? ಡಬ್ಬಿಗೆ ಕೈಹಾಕುವವನು ಒಬ್ಬನೇ, ಹಮಾಲರ ಮೇಸ್ತ್ರಿ ಧನಪಾಲ್.

ಧನಪಾಲ್ ಕೊಂಬೈಯವನೇ. ಅವಳ ತವರಿನ ಬೀದಿಯ ಹುಡುಗ, ನೆಂಟಸ್ತಿಕೆಯಲ್ಲಿ ತಮ್ಮ. ಮೀಸೆ ಮೂಡುವ ಮೊದಲೇ ದಿಂಡಿಗಲ್ ಸ್ಟೇಷನ್ ಸೇರಿ ಈಗ ಹತ್ತು ಆಳಿನ ಮೇಸ್ತ್ರಿಯಾಗಿದ್ದ. ವೀರಮ್ಮಾಳ್ ಮೊದಲ ಲೋಡು ತಂದ ದಿನ ಅವಳಿಗೆ ಬಾಗಿಲು ಯಾವ ಕಡೆ ಎಂದೂ ಗೊತ್ತಿರಲಿಲ್ಲ. ಏರಿಸಿ, ಬೀಗ ಹಾಕಿಸಿ, ಸೀಲು ಒತ್ತಿಸಿ ಕಳಿಸಿದವನು ಅವನು. ಅದೆಲ್ಲ ಆ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ. ಕೋಪ ಬಂದಾಗ ಅವಳಿಗೆ ಏನು ತಾನೇ ನೆನಪಿರುತ್ತದೆ!

ಎರಡನೆಯ ದಂಡದ ಮಾರನೆಯ ದಿನ ಅವಳು ಅಂಗಳಕ್ಕೆ ನುಗ್ಗಿದಾಗ ಧನಪಾಲ್ ತನ್ನ ಆಳುಗಳ ನಡುವೆ ಊಟಕ್ಕೆ ಕೂತಿದ್ದ. "ಬಾಕ್ಕಾ, ಸಾಪಾಟು ಆಯ್ತಾ?" ಎಂದು ಬಾಯಿ ತುಂಬ ಕರೆದ.

"ನಿನ್ ಸಾಪಾಟು ನೀ ತಿನ್ನು. ನನ್ ಡಬ್ಬೀಲಿ ನಿಲಕೋಟೆ ಮಲ್ಲಿಗೆ ಮೂಟೆ ಏರ್ಸಿ ಎಷ್ಟ್ ತಿಂದೆ, ಅದ್ನ ಹೇಳು ಮೊದ್ಲು."

ಧನಪಾಲನಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ತನಕ ಅವಳು ನಿಲ್ಲಿಸಲೂ ಇಲ್ಲ. ಮೊದಲು ಕನ್ನಡದಲ್ಲಿ ಬೈದಳು. ಅಲ್ಲಿದ್ದ ಆಳುಗಳು, ನಿಲಕೋಟೆಯಿಂದ ಮಲ್ಲಿಗೆ ತಂದಿದ್ದ ಹೂವಿನವರು, ಟೀ ಮಾರುವವನು, ಯಾರಿಗೂ ಕನ್ನಡ ಬರುವುದಿಲ್ಲವಲ್ಲ ಎಂದು ಹೊಳೆದು, ಎಲ್ಲರಿಗೂ ತಿಳಿಯಲಿ ಎಂದು ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಬೈದಳು. ಕಳ್ಳ ಎಂದಳು. ತವರಿನ ಹೆಸರು ಕೆಡಿಸಿದವನು ಎಂದಳು. ಧನಪಾಲ್ ಎದ್ದು ಅನ್ನದ ಎಲೆ ಮಡಚಿದ. ಕೈ ತೊಳೆದ.

"ಅಕ್ಕಾ, ಇನ್ಮೇಲೆ ನಿಮ್ ಪೆಟ್ಟಿಗೆ ನಮ್ ಕೈ ಸೋಕಲ್ಲ" ಎಂದ, ಅಷ್ಟೇ.

"ಸೋಕೋದೇ ಬೇಡ! ಏರ್ಸೋಕೆ ನಮ್ಮೂರಲ್ಲಿ ಆಳಿಲ್ವಾ?"

ಆ ಮಾತಿನ ಫಲವೇ ಈ ಮಧ್ಯಾಹ್ನ ಅವಳ ಜೊತೆ ಬಂದಿದ್ದ ನಾಲ್ವರು ಕೊಯ್ಲಿನ ಹೆಂಗಸರು. ದ್ರಾಕ್ಷಿ ಗೊನೆಯನ್ನು ಹಣ್ಣಿನ ಮೇಲಿನ ಬಿಳಿ ಪುಡಿ ಉದುರದಂತೆ ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ರೈಲು ನಿಂತ ಅಷ್ಟು ಹೊತ್ತಿನಲ್ಲಿ ನೂರು ಪೆಟ್ಟಿಗೆ ಏರಿಸುವ ಕೆಲಸವೇ ಬೇರೆ. ಮುಂಜಾನೆಯ ಬಸ್ಸಿನಲ್ಲಿ ಬಂದು, ಸ್ಟೇಷನ್ನಿನ ಗದ್ದಲಕ್ಕೇ ಅರ್ಧ ಬೆದರಿ ಕೂತಿದ್ದರು. ಕುಟ್ಟಿಯಾನೆಯ ಮುಂದಿನ ಸೀಟಿನಲ್ಲಿ ರಾಮರ್ ಮತ್ತು ವೀರಮ್ಮಾಳ್ ನಡುವೆ ಒತ್ತಿಕೊಂಡು ಬಂದವಳು ರಾಮರ್‌ನ ತಾಯಿ ಕರುಪ್ಪಾಯಿ. ಹಣ್ಣು ಏರುವ ರೈಲನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದಳು.

ಬೆಳೆಗಾರರೂ ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಹಿಂದಿನ ಸಂಜೆ ಕಂದಸಾಮಿ ಎಂಬ ಹಿರಿಯ ಬೆಳೆಗಾರ ಎಲ್ಲರ ಪರವಾಗಿ ಬಂದು, "ಇದೊಂದ್ ಲೋಡು ನೋಡ್ತೀವಿ ವೀರಮ್ಮಾ. ಇದ್ರಲ್ಲೂ ತಕರಾರು ಬಂದ್ರೆ ನಾಳಿಕ್ಕೆ ಲಾರಿಯವ್ನ ಕಾಲ್ಗೇ ಬೀಳ್ತೀವಿ. ಬೇಜಾರ್ ಮಾಡ್ಕೋಬೇಡ" ಎಂದು ಹೇಳಿ ಹೋಗಿದ್ದ. ಹಣ್ಣು ಬರದಿದ್ದರೆ ಡಬ್ಬಿಯಿದ್ದೂ ಏನು ಪ್ರಯೋಜನ? ಅಂದರೆ ಆ ಮಧ್ಯಾಹ್ನ ಲೋಡು ಏರಲೇಬೇಕು, ಒಂದು ಟನ್ನಿನೊಳಗೇ ಏರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಡಬ್ಬಿ ಹೋಯಿತು.

ಗೋಮತಿ ತಕ್ಕಡಿಯ ಪಕ್ಕ ಬಂದು ನಿಂತಳು. ಅವಳಿಗೂ ಈ ಲೋಡು ಬೇಕಿತ್ತು. ಪಾರ್ಸಲ್ ಆದಾಯ ಈ ತಿಂಗಳು ಎಷ್ಟಾಯಿತು, ಹೋದ ತಿಂಗಳಿಗಿಂತ ಯಾಕೆ ಇಳಿಯಿತು ಎಂದು ಮೇಲಿನವರು ಅವಳನ್ನು ಕುಟ್ಟುತ್ತಲೇ ಇರುತ್ತಾರೆ. "ನಿಮ್ಮ ಗುತ್ತಿಗೆ ಹೋದರೆ ನನಗೂ ಪೆಟ್ಟೇ ಅಕ್ಕಾ. ಅದಕ್ಕೇ ಇವತ್ತು ಇಲ್ಲೇ ತೂಗಿಬಿಡ್ತೀನಿ. ಏರುವ ಮೊದಲು ಗೊತ್ತಾದರೆ ಸರಿಮಾಡಬಹುದು. ಏರಿ ಹೋಗಿ ಚೆನ್ನೈಯಲ್ಲಿ ಸಿಕ್ಕಿಬಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದಳು.

"ತೂಗಮ್ಮಾ, ಧಾರಾಳವಾಗಿ ತೂಗು!" ವೀರಮ್ಮಾಳ್ ಗಂಟಲು ಏರಿಸಿದ್ದು ಗೋಮತಿಗಾಗಿ ಅಲ್ಲ. ಅಂಗಳದ ಆಚೆ ಬದಿಯಲ್ಲಿ ತಳ್ಳುಗಾಡಿಗಳ ಮೇಲೆ ಕೂತಿದ್ದ ಧನಪಾಲ್ ಮತ್ತು ಅವನ ಆಳುಗಳಿಗೆ ಕೇಳಲಿ ಎಂದು. "ಇವತ್ತು ಕಂಡೋರ ಕೈ ಬಿದ್ದಿಲ್ಲ ನನ್ನ ಪೆಟ್ಟಿಗೆ ಮೇಲೆ."

ಹೆಂಗಸರು ಮೊದಲ ಹತ್ತು ಪೆಟ್ಟಿಗೆ ಇಟ್ಟರು. ಕೆಂಪು ಅಂಕಿ ಕುಣಿದು ಕುಣಿದು ನಿಂತಿತು. ನೂರ ಮೂರು.

"ಇನ್ನೊಂದ್ಸಲ ಇಡ್ರೇ" ಎಂದಳು ವೀರಮ್ಮಾಳ್. ಇನ್ನೊಂದು ಸಲವೂ ನೂರ ಮೂರು. ಮುಂದಿನ ಹತ್ತೂ ಹಾಗೆಯೇ. ಅದರ ಮುಂದಿನದೂ. ತಕ್ಕಡಿಯೇ ಕೆಟ್ಟಿದೆ ಎಂದು ಕೂಗಾಡಿದಳು. ಗೋಮತಿ ಒಳಗಿನಿಂದ ಮುದ್ರೆಯೊತ್ತಿದ ಕಬ್ಬಿಣದ ಕಲ್ಲು ತರಿಸಿ ಇಡಿಸಿದಳು. ಅಂಕಿ ಸರಿಯಾಗಿಯೇ ಬಂತು. ಆಚೆ ಬದಿಯಲ್ಲಿ ಯಾವನೋ ಕಿಸಕ್ಕನೆ ನಕ್ಕ. ಧನಪಾಲ್ ಅವನನ್ನು 'ಬಾಯಿ ಮುಚ್ಚೋ' ಎಂದು ಗದರಿದ್ದೂ ಕೇಳಿಸಿತು. ನಗುವಿಗಿಂತ ಆ ಗದರಿಕೆಯೇ ವೀರಮ್ಮಾಳಿಗೆ ಹೆಚ್ಚು ಚುಚ್ಚಿತು.

ಎಲ್ಲ ಸೇರಿ ಒಂದು ಟನ್ನಿನ ಮೇಲೆ ಮೂವತ್ತು ಕಿಲೋ. ಇವತ್ತು ಧನಪಾಲ್ ಮುಟ್ಟಿಲ್ಲ. ಅವನ ಆಳು ಮುಟ್ಟಿಲ್ಲ. ಚಪ್ಪರದಿಂದ ಇಲ್ಲಿಯವರೆಗೆ ಪೆಟ್ಟಿಗೆ ತನ್ನ ಕಣ್ಣ ಮುಂದೆಯೇ ಇದೆ. ಹಾಗಾದರೆ ಅವತ್ತೂ ಅವನು ಮುಟ್ಟಿರಲಿಲ್ಲವೇ? ಆ ಯೋಚನೆ ಪೂರ್ತಿಯಾಗುವ ಮೊದಲೇ ಅವಳು ಹತ್ತಿರದ ಪೆಟ್ಟಿಗೆಯ ದಾರ ಹರಿದು, ಮುಚ್ಚಳ ತೆಗೆದು, ಕಾಗದ ಎತ್ತಿದಳು.

ಹಣ್ಣು ತಾನು ಜೋಡಿಸಿದ ಹಾಗೇ ಸಮವಾಗಿತ್ತು. ಅದರ ಮೇಲೆ, ಒಂದು ಬಳ್ಳಿ ಎಲೆ ಹಾಸಿ, ಒಂದು ದೊಡ್ಡ ಗೊನೆ ಬೇರೆಯಾಗಿ ಕೂತಿತ್ತು. ಇನ್ನೊಂದು ಪೆಟ್ಟಿಗೆ ಬಿಚ್ಚಿದಳು. ಅಲ್ಲೂ ಎಲೆ, ಎಲೆಯ ಮೇಲೆ ಗೊನೆ. ಮೂರನೆಯದನ್ನು ಬಿಚ್ಚುವ ಹೊತ್ತಿಗೆ ಅವಳಿಗೆ ಗೊತ್ತಾಗಿಹೋಗಿತ್ತು. ಮೆಲ್ಲಗೆ ತಿರುಗಿದಳು. ಗೋಡೆಯ ನೆರಳಿನಲ್ಲಿ ಕರುಪ್ಪಾಯಿ ಕಾಲು ಚಾಚಿಕೊಂಡು ಎಲೆಯಡಿಕೆ ಹಾಕುತ್ತ ಕೂತಿದ್ದಳು. ತೂಗಿದ ಪೆಟ್ಟಿಗೆಗೆ ಕಾಗದ ಹೊದಿಸಿ, ಮುಚ್ಚಳ ಮುಚ್ಚಿ, ದಾರ ಕಟ್ಟುವುದು ದಿನವೂ ಕರುಪ್ಪಾಯಿಯ ಕೆಲಸ.

"ಅತ್ತೆ, ಇದ್ನ ಯಾರ್ ಇಟ್ಟದ್ದು?"

"ನಾನೇ. ಮತ್ಯಾರ್ ಇಡ್ಬೇಕು?"

"ತೂಕ ಆದ್ಮೇಲೆ ಇಟ್ರಾ?"

"ಕೊಸರು ಮತ್ತೆ ಯಾವಾಗ್ ಇಡ್ತಾರೆ? ತೂಕ ಆದ್ಮೇಲೇ ತಾನೇ?" ಮುದುಕಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

ಕೊಸರು! ಆ ಮನೆಗಳಲ್ಲಿ ಬರೀ ತೂಕ ಕೊಡುವವರಿಲ್ಲ. ಹಾಲು ಅಳೆದ ಮೇಲೆ ಒಂದು ಗುಟುಕು ಹಾಕಬೇಕು, ಅಕ್ಕಿ ಅಳೆದ ಮೇಲೆ ಒಂದು ಹಿಡಿ, ಹಣ್ಣು ತೂಗಿದ ಮೇಲೆ ಒಂದು ಗೊನೆ. ಲೆಕ್ಕಕ್ಕೆ ಸರಿಯಾಗಿ ಕೊಟ್ಟು ಕೈ ಒದರಿಕೊಂಡರೆ ಮನೆಗೆ ಒಳ್ಳೆಯದಲ್ಲ, ನೋಡಿದವರೂ ಆಡಿಕೊಳ್ಳುತ್ತಾರೆ. ಲಾರಿ ಕಾಲದಲ್ಲೂ ಕರುಪ್ಪಾಯಿ ಇಡುತ್ತಿದ್ದಳು. ಲಾರಿಯವನಿಗೆ ಪೆಟ್ಟಿಗೆಯ ತಲೆ ಎಣಿಸಿದರೆ ಸಾಕಿತ್ತು, ಯಾರಿಗೂ ತೊಂದರೆಯಾಗಲಿಲ್ಲ. ವೀರಮ್ಮಾಳ್ ಇದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದಾಳೆ. ನೋಡಿ ನೋಡಿ, ಉಸಿರಾಡುವುದನ್ನು ಯಾರೂ ಎಣಿಸದ ಹಾಗೆ, ಅದು ತೂಕದ ಲೆಕ್ಕಕ್ಕೆ ಬರುತ್ತದೆಂದೇ ಅವಳಿಗೆ ಹೊಳೆದಿರಲಿಲ್ಲ. ಎರಡು ದಂಡವೂ ಕೊಸರಿನದೇ. ಮಲ್ಲಿಗೆ ಮೂಟೆಯೂ ಇಲ್ಲ, ಮಣ್ಣೂ ಇಲ್ಲ.

ಬೈಯಲು ಬಾಯಿ ತೆರೆದಳು. ಯಾರನ್ನು ಬೈಯುವುದು? ಬಾಯಿ ಹಾಗೇ ಮುಚ್ಚಿಕೊಂಡಿತು. ರಾಮರ್ ಅಷ್ಟರಲ್ಲಿ ಗಾಜು ಒರೆಸುವ ಬಟ್ಟೆ ಹುಡುಕುತ್ತಿದ್ದವನು ಆಶ್ಚರ್ಯದಿಂದ ತಲೆಯೆತ್ತಿ ನೋಡಿದ.

"ಎಷ್ಟ್ ಹೆಚ್ಚಾಯ್ತು?" ಎಂದಳು ಕರುಪ್ಪಾಯಿ.

"ಮೂರು ಪೆಟ್ಟಿಯಷ್ಟು."

"ನಮ್ದು ಮೂರು ಎಳ್ದು ಈಚೆ ಇಡು. ಬೇರೆಯವ್ರದ್ನ ಮುಟ್ಬೇಡ."

ಎಳೆದಿಟ್ಟರು. ಗೋಮತಿ ತೊಂಬತ್ತೇಳನ್ನೂ ಮತ್ತೆ ತೂಗಿದಳು. ಒಂದು ಟನ್ನಿಗೆ ಸ್ವಲ್ಪವೇ ಕಮ್ಮಿ ಬಂತು. ಅವಳು ಚೀಟಿಗೆ ಸೀಲು ಒತ್ತಿದ ಸದ್ದು ಕೇಳಿ ವೀರಮ್ಮಾಳಿಗೆ ಹೋದ ಜೀವ ಬಂದಂತಾಯಿತು. ಅಬ್ಬ ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಹಾಗೇ ಮೈಕು ಗೊರಗೊರ ಎಂದಿತು. ಚೆನ್ನೈ ರೈಲು ಇವತ್ತು ಪಾರ್ಸಲ್ ಅಂಗಳದ ಪಕ್ಕದ ಪ್ಲಾಟ್‌ಫಾರಂಗೆ ಬರುವುದಿಲ್ಲ. ಆಚೆ ತುದಿಯ ಪ್ಲಾಟ್‌ಫಾರಂಗೆ ಬರುತ್ತದೆ.

ಹೆಂಗಸರು ಪೆಟ್ಟಿಗೆಗಳನ್ನು ನೋಡಿದರು, ಹಳಿಗಳನ್ನು ನೋಡಿದರು, ವೀರಮ್ಮಾಳನ್ನು ನೋಡಿದರು. ಹಳಿ ದಾಟಿ ಹೋಗುವ ದಾರಿ ಸ್ಟೇಷನ್ನಿನ ಕೊನೆಯಲ್ಲಿದೆ. ತಲೆಯ ಮೇಲೆ ಹೊತ್ತು ತಿರುಗಿದರೆ ಮುಗಿಯುವ ಕೆಲಸವಲ್ಲ. ತಳ್ಳುಗಾಡಿ ಬೇಕು, ಅದನ್ನು ಓಡಿಸಬಲ್ಲ ಕೈ ಬೇಕು. ಎರಡೂ ಧನಪಾಲನ ಹತ್ತಿರ ಮಾತ್ರ ಇದ್ದವು.

ವೀರಮ್ಮಾಳ್ ಅಂಗಳ ದಾಟಿದಳು. ಕಾಲು ಹೋಗುತ್ತಿತ್ತು, ಮನಸ್ಸು ಹಿಂದೆ ಎಳೆಯುತ್ತಿತ್ತು. "ಧನಪಾಲು, ಗಾಡಿ ತೆಗಿ. ರೈಲು ಆ ಕಡೆ ಬರ್ತದಂತೆ" ಎಂದಳು, ನಡುವೆ ಏನೂ ನಡೆದೇ ಇಲ್ಲವೆಂಬಂತೆ.

ಧನಪಾಲ್ ಕೂತಲ್ಲಿಂದ ಏಳಲಿಲ್ಲ. "ನಮ್ ಕೈ ಸೋಕಬಾರ್ದು ಅಂದ್ರಲ್ಲಕ್ಕಾ."

"ಕೂಲಿ ಎರಡರಷ್ಟು ಕೊಡ್ತೀನಿ. ಸೀಕ್ರಂ ಏಳು."

"ಕೂಲಿ ಅಪ್ಪರಂ, ಆಮೇಲೆ ಮಾತಾಡೋಣ. ಇದೇ ಜಾಗದಲ್ಲಿ, ಇವ್ರ ಮುಂದೆ ನನ್ನ ಕಳ್ಳ ಅಂದ್ರಿ. ನಾ ಅನ್ನ ಬಿಟ್ಟು ಎದ್ದೆ. ಈಗ ನಿಮ್ ಪೆಟ್ಟಿಯೊಳಗೆ ಏನಿತ್ತು ಅಂತ ಇವ್ರೆಲ್ಲ ನೋಡಿದ್ರು. ನೀವೂ ನೋಡಿದ್ರಿ. ನೋಡಿ ಏನ್ ಹೇಳ್ತೀರಿ?"

ತಪ್ಪಾಯಿತು ಎಂಬ ಮಾತನ್ನು ವೀರಮ್ಮಾಳ್ ಗಂಡನಿಗೂ ಹೇಳಿದವಳಲ್ಲ, ಹೆತ್ತವರಿಗೂ ಹೇಳಿದವಳಲ್ಲ. ದೂರದಲ್ಲಿ ರೈಲು ಕೂಗಿತು. ಅವಳು ತಿರುಗಿ ಹಳಿಯ ಕಡೆ ನೋಡಿದಳು, ಮತ್ತೆ ತಳ್ಳುಗಾಡಿಗಳ ಕಡೆ ನೋಡಿದಳು.

ಅಷ್ಟರಲ್ಲಿ ಪಕ್ಕದಲ್ಲಿ ಎಲೆಯಡಿಕೆಯ ವಾಸನೆ ಬಂತು. ಕರುಪ್ಪಾಯಿ ಗೋಡೆ ಹಿಡಿದು ಹಿಡಿದು ಅಲ್ಲಿಯವರೆಗೆ ನಡೆದು ಬಂದಿದ್ದಳು. "ಅಪ್ಪಾ, ಗೊನೆ ಇಟ್ಟದ್ದು ಈ ಕೈ. ಬೈಸ್ಕೊಂಡಿದ್ದು ನೀನು" ಎನ್ನುತ್ತ ಸೊಂಟ ಬಗ್ಗಿಸಿ, ಅವನ ಕಾಲಿನ ಕಡೆ ಕೈ ಚಾಚಿದಳು. ಮಗನಿಗಿಂತ ಚಿಕ್ಕವನ ಕಾಲಿಗೆ!

"ಅಯ್ಯೋ ಆತ್ತಾ!" ಎಂದು ಧನಪಾಲ್ ಹೌಹಾರಿ ತಳ್ಳುಗಾಡಿಯಿಂದ ಹಾರಿ ನಿಂತ. ಅವನಿಗಿಂತ ಮೊದಲು ವೀರಮ್ಮಾಳ್ ಅತ್ತೆಯ ತೋಳು ಹಿಡಿದು ಎತ್ತಿ ನಿಲ್ಲಿಸಿದಳು.

"ನೀವ್ಯಾಕೆ ಬಗ್ತೀರಿ ಅತ್ತೆ? ಬೈದವ್ಳು ನಾನು." ಅವಳು ಆಳುಗಳ ಕಡೆ ತಿರುಗಿದಳು. "ನಾನು ಇವ್ನ ಮೇಲೆ ಇಲ್ದೇ ಇರೋದ್ ಹೇಳ್ದೆ. ಧನಪಾಲು ಕಳ್ಳ ಅಲ್ಲ. ನನ್ ಡಬ್ಬಿಯೊಳಗೆ ಅವ್ನು ಒಂದು ಹೂವೂ ಏರ್ಸಿಲ್ಲ. ಹೆಚ್ಚಾದದ್ದು ನಮ್ಮನೆ ಕೈಯಿಂದ. ತಪ್ಪಾಯ್ತು ತಮ್ಮಾ."

ಆಳುಗಳು ಮುಖ ಮುಖ ನೋಡಿಕೊಂಡರು. ಕನ್ನಡ ಯಾರಿಗೆ ಬರುತ್ತದೆ? ವೀರಮ್ಮಾಳಿಗೆ ಅದು ಹೊಳೆಯಿತು. ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಅದನ್ನೇ ತಮಿಳಿನಲ್ಲಿ ಹೇಳಿದಳು, ಅಂಗಳದ ಬಾಗಿಲಲ್ಲಿ ನಿಂತಿದ್ದ ಟೀ ಮಾರುವವನಿಗೂ ಕೇಳುವ ಹಾಗೆ. ಎರಡನೇ ಸಲ ಹೇಳುವಾಗ ಅವಳಿಗೆ ಅಳು ಬಂತು. ಅಳುತ್ತಲೇ ಹೇಳಿದಳು.

ಧನಪಾಲ್ ಆಳುಗಳ ಕಡೆ ಕೈ ಬೀಸಿದ. ತಳ್ಳುಗಾಡಿಗಳು ಗಡಗಡ ಎಂದವು.

ಆಮೇಲಿನದೆಲ್ಲ ಒಂದು ಓಟ. ಪೆಟ್ಟಿಗೆಗಳನ್ನು ಗಾಡಿಗೆ ಜೋಡಿಸುತ್ತಿದ್ದ ಹಾಗೇ ಆಳುಗಳು ಓಡಿಸತೊಡಗಿದರು. ರಾಮರ್ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದ. ಹಳಿ ದಾಟುವ ಕಡೆ ಒಂದು ಗಾಡಿಯ ಚಕ್ರ ಸಂದಿನಲ್ಲಿ ಸಿಕ್ಕಿಕೊಂಡು, ರೈಲಿನ ಮುಖ ತಿರುವಿನಲ್ಲಿ ಕಾಣಿಸಿದಾಗ ವೀರಮ್ಮಾಳ್ ಅಯ್ಯೋ ಎಂದು ಕೂಗಿಕೊಂಡಳು. ಧನಪಾಲ್ ಹೆಗಲು ಕೊಟ್ಟು ಅದನ್ನು ಎತ್ತಿ ಆಚೆ ಹಾಕಿದ. ರೈಲು ನಿಂತಿತು. ಗೋಮತಿ ಓಡಿ ಬಂದು ಡಬ್ಬಿಯ ಬೀಗ ತೆಗೆಸಿದಳು. ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಪೆಟ್ಟಿಗೆ ಹಾಯಿಸಿದರು. ಕೊಯ್ಲಿನ ಹೆಂಗಸರೂ ಬೆದರಿಕೆ ಮರೆತು ಸಾಲಿನ ನಡುವೆ ನುಗ್ಗಿಕೊಂಡರು. ಸಿಗ್ನಲ್ ಹಸಿರಾಗಿ, ಗಾರ್ಡು ಬಾವುಟ ಬಿಚ್ಚುವಾಗ ಇನ್ನೂ ನಾಲ್ಕು ಪೆಟ್ಟಿಗೆ ಕೆಳಗಿದ್ದವು. ಬಾವುಟ ಆಡುವಾಗ ಒಂದೂ ಇರಲಿಲ್ಲ. ಬೀಗ ಬಿತ್ತು, ಸೀಲು ಬಿತ್ತು. ಬಾಲದ ಡಬ್ಬಿ ಅವಳ ಕಣ್ಣ ಮುಂದೆಯೇ ಮೆಲ್ಲಗೆ ಜಾರಿ ಹೋಯಿತು.

ಅಂಗಳಕ್ಕೆ ವಾಪಸು ಬಂದು ಎಲ್ಲರೂ ನೆಲದ ಮೇಲೇ ಕೂತರು. ಉಳಿದಿದ್ದ ಮೂರು ಪೆಟ್ಟಿಗೆಯನ್ನು ಕರುಪ್ಪಾಯಿ ಬಿಚ್ಚಿ, ಆಳುಗಳಿಗೆ ಗೊನೆ ಗೊನೆಯಾಗಿ ಹಂಚಿದಳು. ವೀರಮ್ಮಾಳಿಗೆ ಮೈ ಹಗುರಾಗಿತ್ತು. ಡಬ್ಬಿ ಉಳಿಯಿತು. ಕಂದಸಾಮಿಗೆ ಫೋನು ಮಾಡಿ ನಾಲ್ಕು ಮಾತು ಜಂಬ ಕೊಚ್ಚಿದಳು. ಆಮೇಲೆ ಅತ್ತೆಯ ಪಕ್ಕ ಕೂತು, ದಾರಿಯಲ್ಲಿ ಹೊಳೆದಿದ್ದ ಉಪಾಯ ಹೇಳಿದಳು.

"ಅತ್ತೆ, ನಾಳೆಯಿಂದ ನಾನೇ ಒಂದು ಗೊನೆ ಕಮ್ಮಿ ತೂಗ್ತೀನಿ. ನೀವು ಮೇಲೆ ಒಂದು ಗೊನೆ ಇಡ್ರಿ. ಅಲ್ಲಿಗೆ ಸರೀ ಹತ್ತು ಕಿಲೋ. ನಿಮ್ ಕೊಸರೂ ಆಯ್ತು, ರೈಲಿನ್ ತೂಕಾನೂ ಆಯ್ತು."

ಕರುಪ್ಪಾಯಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಅದು ಎಂಗೆ ಕೊಸರಾಯ್ತು? ಅವ್ರದ್ನ ಅವ್ರಿಂದ ತೆಗ್ದು ಅವ್ರಿಗೇ ಕೊಟ್ಟಂಗೆ. ನೀ ಈಗ ಧನಪಾಲುಗೆ ಕೊಟ್ಟೆಯಲ್ಲ, ಅಂಗೆ."

"ನಾ ಏನ್ ಕೊಟ್ಟೆ?"

"ಅವ್ನ ಹೆಸ್ರು ಅವ್ನಿಗೇ ಕೊಟ್ಟೆ. ನೀ ಕಿತ್ಕೊಂಡಿದ್ನ ನೀ ವಾಪಸ್ ಇಟ್ಟೆ. ಅಷ್ಟು ತೂಕಕ್ ಸರಿಹೋಯ್ತು. ಅದ್ರ ಮೇಲೆ ಏನ್ ಹಾಕ್ದೆ?"

ವೀರಮ್ಮಾಳಿಗೆ ಸಿಟ್ಟು ಬಂತು. ಇಡೀ ಸ್ಟೇಷನ್ನಿನ ಮುಂದೆ ಎರಡೆರಡು ಭಾಷೆಯಲ್ಲಿ ತಪ್ಪು ಒಪ್ಪಿಕೊಂಡು ಅತ್ತಿದ್ದಾಳೆ, ಇನ್ನೂ ಏನು ಹಾಕಬೇಕಂತೆ? ದಡಕ್ಕನೆ ಎದ್ದು ಹೋದಳು. ಅಂಗಳದ ಮೂಲೆಯ ನಲ್ಲಿಯಲ್ಲಿ ಧನಪಾಲ್ ತೋಳು ತೊಳೆಯುತ್ತಿದ್ದ. ಗಾಡಿ ಎತ್ತಿದ ಹೆಗಲು ಕೆಂಪಗೆ ತರಚಿತ್ತು. ಅವನ ಬೆನ್ನು ನೋಡುತ್ತ ಅವಳು ನಿಂತಳು. ಸಿಟ್ಟು ಅಲ್ಲೇ ಕರಗಿ, ಅದರ ಜಾಗದಲ್ಲಿ ನಾಚಿಕೆ ತುಂಬಿತು.

"ತಮ್ಮಾ."

ಅವನು ತಿರುಗಿದ.

"ನಾಳೆಯಿಂದ ತೂಕ ನೀನೇ ನೋಡು. ಊರಿಂದ ಪೆಟ್ಟಿ ಕಳಿಸ್ತೀನಿ, ನಾ ಬರಲ್ಲ. ಎಷ್ಟು ಏರ್ಬೇಕು, ಎಷ್ಟು ನಿಲ್ಬೇಕು, ನೀ ಹೇಳಿದ್ದೇ. ನನ್ ಪರವಾಗಿ ನೀನೇ ಅಂತ ಗೋಮತಿಯಮ್ಮಂಗೂ ಬರ್ದು ಕೊಡ್ತೀನಿ."

ಧನಪಾಲ್ ಅವಳ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲ. "ಇನ್ನೊಂದ್ಸಲ ಹೆಚ್ಚು ಬಂದ್ರೆ ಡಬ್ಬಿ ಹೋಗ್ತದೆ ಅಕ್ಕಾ. ನನ್ ಕೈಲಿ ಹೋದ್ರೆ?"

"ಹೋದ್ರೆ ಹೋಗ್ಲಿ."

ಹೇಳಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಧನಪಾಲ್ ನೆರಳಿನಲ್ಲಿ ಕೂತಿದ್ದ ಕರುಪ್ಪಾಯಿಯ ಕಡೆ ಒಮ್ಮೆ ನೋಡಿದ.

"ಗೊನೆ ಇಟ್ಟು ಕಳಿಸ್ತೀರಾ, ಇಡ್ದೆ ಕಳಿಸ್ತೀರಾ?"

"ಇಟ್ಟೇ ಕಳಿಸ್ತೀವಿ."

"ಅಂಗಾದ್ರೆ ತೊಂಬತ್ತೇಳೇ ಕಳಿಸ್ರಿ" ಎಂದು ಅವನು ನಲ್ಲಿ ನಿಲ್ಲಿಸಿದ.